ಸೊಂಟ ಬಿಗಿದ ರೋಬೋಟ್

ಸುಳ್ಳು ಅನ್ನಿಸಿದರೆ ಇಲ್ಲಿಂದಲೇ ಎದ್ದು ಹೋಗಿ, ಯಾರೂ ಕೈಹಿಡಿದು ಕೂರಿಸುವುದಿಲ್ಲ. ಹೊಳೆದಂಡೆಯ ಆಶ್ರಮದಲ್ಲಿ ವಾಮದೇವಯ್ಯ ಎಂಬ ಗುರುಗಳು ಶಿಷ್ಯರಿಗೆ ರೋಬೋಟ್ ಕಟ್ಟುವುದನ್ನು ಕಲಿಸುತ್ತಿದ್ದರು.

ಶಿಷ್ಯರಲ್ಲಿ ಭರಮಣ್ಣನಷ್ಟು ಗಟ್ಟಿಗ ಇನ್ನೊಬ್ಬನಿರಲಿಲ್ಲ. ಹಾಗೆಂದು ಸಾರಿಕೊಂಡು ತಿರುಗುತ್ತಿದ್ದವನೂ ಭರಮಣ್ಣನೇ.

ಅವನ ರೋಬೋಟ್ ಒಂದು ಕೈಯಲ್ಲಿ ತುಂಬಿದ ಚೊಂಬು ಹಿಡಿದು, ಇನ್ನೊಂದು ಕೈಯಿಂದ ನೆಲದ ಮೇಲಿನ ಕಣಗಿಲೆ ಹೂವು ಎತ್ತಬೇಕಿತ್ತು. ಎರಡು ಸಲ ಮುಗ್ಗರಿಸಿ ಬಿತ್ತು. ಮೂರನೆಯ ಸಲ ಬಿದ್ದರೆ ಆಶ್ರಮ ಬಿಟ್ಟು ಊರು ಸೇರುತ್ತೇನೆಂದು ಭರಮಣ್ಣ ಎಲ್ಲರೆದುರು ಮಾತು ಕೊಟ್ಟ.

ಮೂರನೆಯ ಸಲವೂ ಬಿತ್ತು.

"ಹೊರಡುವ ಮುಂಚೆ ಹೇಳು. ಸೊಂಟಕ್ಕೇಕೆ ಬೋಲ್ಟ್ ಬಿಗಿದೆ?" ಎಂದರು ಗುರುಗಳು.

"ಕೈ ಅಲುಗಬಾರದು ಅಂತ್ರಿ. ಕೆಲಸ ಮಾಡೋದು ಕೈ. ಉಳಿದದ್ದು ತೆಪ್ಪಗಿರಲಿ ಅಂತ ಸೊಂಟ, ಕಾಲು ಎಲ್ಲಾ ಬಿಗಿದೆ."

"ಆ ಗೋಡೆಗೆ ಬೆನ್ನು ಹಚ್ಚಿ ನಿಲ್ಲು. ಹಿಮ್ಮಡಿಯೂ ತಾಗಿರಲಿ." ಗುರುಗಳು ಅವನ ಕಾಲ ಮುಂದೆ ಹೂವಿಟ್ಟರು. "ಮಂಡಿ ಮಡಿಸದೆ ಎತ್ತು."

"ಕ್ವಿಂಟಲ್ ಚೀಲ ಎತ್ತಿದವನಿಗೆ ಇದೇನ್ರಿ?"

ಬಗ್ಗಿದ. ಮುಗ್ಗರಿಸಿದ. ಮತ್ತೆ ಬಗ್ಗಿದ. ಮೂಗು ನೆಲಕ್ಕೆ ತಾಗಿತು.

"ಚೀಲವನ್ನೇ ತರಿಸೋಣವೇನೋ, ಭರಮ?" ಎಂದನೊಬ್ಬ ಸಹಪಾಠಿ.

"ಗೋಡೆ ಬಿಟ್ಟು ಮುಂದೆ ಬಾ. ಈಗ ಎತ್ತು," ಎಂದರು ಗುರುಗಳು.

ಸಲೀಸಾಗಿ ಎತ್ತಿದ.

"ಏನು ಮಾಡಿದೆ?"

"ಕೈ ಚಾಚಿದೆ, ಅಷ್ಟೇರಿ."

"ಇನ್ನೊಮ್ಮೆ. ನಿಧಾನ."

ನಿಧಾನವಾಗಿ ಬಗ್ಗಿದ. ಕೈ ಮುಂದೆ ಹೋದಂತೆ ಸೊಂಟ ಹಿಂದೆ ಸರಿಯಿತು. ಕಾಲ್ಬೆರಳುಗಳು ನೆಲ ಕಚ್ಚಿದವು. ಇನ್ನೊಂದು ತೋಳು ತಾನಾಗಿಯೇ ಹಿಂದಕ್ಕೆ ತೂಗಿತು. ಅವಕ್ಕೆ ಅವನು ಏನನ್ನೂ ಹೇಳಿರಲಿಲ್ಲ.

ಭರಮಣ್ಣನ ಮೈ ಜುಮ್ಮೆಂದಿತು. ಬಗ್ಗಿದವನು ಹಾಗೆಯೇ ಇದ್ದ.

"ಗುರುಗಳೇ, ಒಳಗೆ ಇಷ್ಟು ಮಂದಿ ದುಡೀತಿದ್ದಾರೆ. ನಾನು ಇಪ್ಪತ್ತೆರಡು ವರ್ಷ ಎಲ್ಲಾ ನನ್ನ ಕೈಯದೇ ಅಂದ್ಕೊಂಡಿದ್ದೆ."

ಗುರುಗಳು ಸ್ಪ್ಯಾನರ್ ಕೊಟ್ಟರು.

ಅವನು ಬೋಲ್ಟುಗಳನ್ನು ಬಿಚ್ಚಿದ. ರೋಬೋಟಿಗೆ ಹೊಸದಾಗಿ ಅಪ್ಪಣೆ ಬರೆದ: ಮೊದಲು ಬೀಳಬೇಡ. ಆಮೇಲೆ ಚೊಂಬು ಓರೆ ಮಾಡಬೇಡ. ಈ ಎರಡಕ್ಕೂ ಅಡ್ಡಿಯಾಗದಷ್ಟೇ ಕೈ ಚಾಚು.

ಸಂಜೆ ರೋಬೋಟ್ ಬಗ್ಗಿತು. ಸೊಂಟ ಹಿಂದೆ ಹೋಯಿತು, ಮಂಡಿ ಸಡಿಲಿತು, ಪಾದ ಒತ್ತಿ ನಿಂತಿತು. ಚೊಂಬಿನ ನೀರು ತುಳುಕಲಿಲ್ಲ. ಹೂವು ಮೇಲೆ ಬಂತು. ಗೇಲಿ ಮಾಡಿದವನೂ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಭರಮಣ್ಣ ಕೈಮುಗಿದ. "ಆದರೂ ಕೊಟ್ಟ ಮಾತು ಮಾತೇರಿ. ಮೂರು ಸಲ ಬಿದ್ದಾಗಿದೆ. ಹೊರಡಲೇ?"

ಗುರುಗಳು ಹೇಳಿದರು: "ನಾಳೆಯಿಂದ ರೋಬೋಟುಗಳ ಪಾದ ಕಟ್ಟುವ ಕೆಲಸ ನಿನಗೆ ಕೊಟ್ಟಿದ್ದೇನೆ."