ಹಣೆ ಊರುವ ಜಾಗ

ಹಸುವಿನ ಪಕ್ಕೆಗೆ ಹಣೆ ಊರಿ ಹಾಲು ಕರೆಯುವುದು ದ್ಯಾವಮ್ಮನ ಅಭ್ಯಾಸ. ಕಪಿಲೆ ಎಂಬ ಅವಳ ಹಸುವಿಗೂ ಆ ಹಣೆಯ ಬಿಸುಪೆಂದರೆ ಪ್ರಾಣ. ಈಚೆಗೆ ಅದೇ ಪಕ್ಕೆಯಲ್ಲಿ ಬಿಲ್ಲೆಯಗಲ ಕೂದಲುದುರಿಸಿ ಹುಳುಕಡ್ಡಿಯೊಂದು ಬಿಡಾರ ಹೂಡಿತ್ತು ನೋಡಿ.

"ನೀನು ಸುಮ್ಮನೆ ನಿಲ್ಲು ತಾಯಿ," ಎಂದಿತು ಹುಳುಕಡ್ಡಿ. "ನನ್ನದು ದೊಡ್ಡ ಸಂಸಾರ. ಅವಳ ಹಣೆಯ ಮೇಲೂ ಒಂದು ಮನೆ ಮಾಡುತ್ತೇನೆ."

"ಅವಳು ನನ್ನನ್ನು ನಂಬಿ ಒರಗುವವಳು," ಎಂದಿತು ಕಪಿಲೆ.

"ಅದಕ್ಕೇ ನನಗೆ ದಾರಿ ಸಲೀಸು. ಅವಳನ್ನು ದೂರ ಮಾಡಿ ನೋಡು, ಏಟು ಬೀಳುವುದು ನಿನಗೇ."

ಮಬ್ಬು ಬೆಳಕಿನಲ್ಲಿ ದ್ಯಾವಮ್ಮ ಬಂದು ಕೂತು ಬಗ್ಗಿದಳು. ಕಪಿಲೆ ಸರಕ್ಕನೆ ಸರಿಯಿತು, ತಂಬಿಗೆ ಉರುಳಿತು.

"ಏನೇ, ಸೊಕ್ಕು ಬಂತಾ ನಿಂಗೆ?" ಎಂದು ದ್ಯಾವಮ್ಮ ಬೆನ್ನಿಗೆ ಒಂದು ಬಿಟ್ಟಳು. ಮತ್ತೆ ಬಗ್ಗಿದಳು, ಕಪಿಲೆ ಮತ್ತೆ ಸರಿಯಿತು. ಈ ಸಾಧುಪ್ರಾಣಿಗೆ ಇವತ್ತೇನಾಯಿತು ಎಂದು ದೀಪ ತಂದು ಹಿಡಿದಾಗ ಬೂದು ಬಿಲ್ಲೆ ಕಣ್ಣಿಗೆ ಬಿತ್ತು.

"ಇದಕ್ಕಾ ನನ್ನವ್ವ, ದೂರ ದೂರ ಹೋದದ್ದು?" ಎಂದವಳೇ ಪಶುವೈದ್ಯರಿಗೆ ಹೇಳಿಕಳಿಸಿದಳು.

ಔಷಧಿ ಹಚ್ಚಿ ಹೊಸ ಕೂದಲು ಬರುವ ತನಕ ದ್ಯಾವಮ್ಮ ಹಣೆ ತಾಗಿಸದೆ, ಮನೆಯ ಸುದ್ದಿಯನ್ನೆಲ್ಲ ಹೇಳುತ್ತ ಹಾಲು ಕರೆದಳು. ಕಪಿಲೆ ಕಿವಿಯನ್ನು ಅವಳತ್ತ ತಿರುಗಿಸಿ ನೆಮ್ಮದಿಯಾಗಿ ಮೆಲುಕು ಹಾಕಿತು.