ಮೌನೇಶಪ್ಪನ ಹಲಗೆ, ಅಕ್ಕೋರ ಪೆಟ್ಟಿಗೆ

ಹದಿನಾಲ್ಕು ಸಾವಿರದ ಮುನ್ನೂರರ ಕಂಪ್ಯೂಟರನ್ನು ಹದಿಮೂರು ಸಾವಿರದ ಮುನ್ನೂರಕ್ಕೆ ಇಳಿಸಬೇಕು. ಟೈಪಿಂಗ್ ಶಾಲೆಯ ಸುಲೋಚನಾ ಅಕ್ಕೋರು ಅದರಲ್ಲಿ ಏನನ್ನು ಬಿಟ್ಟರು? ಊಹಿಸಿ ನೋಡೋಣ! ಊಹೂಂ, ಅದಲ್ಲ. ಕೇಳಿ ಹಾಗಾದರೆ.

ಬಹಳ ಹಿಂದೆ, ಫೋನು ಇನ್ನೂ ಜೇಬಿಗಿಳಿಯದ ಕಾಲದಲ್ಲಿ, ಒಂದೂರಿನಲ್ಲಿ ಮೌನೇಶಪ್ಪ ಬಡಿಗೇರ ಅಂತ ಒಬ್ಬನಿದ್ದನಂತೆ. ಅಪ್ಪ ನೇಗಿಲು ಮಾಡಿದವನು, ಮಗ ಕಂಪ್ಯೂಟರ್ ಜೋಡಿಸಿದವನು. ಕಿವಿ ಹಚ್ಚಿದರೆ ಸಾಕು, ಕಂಪ್ಯೂಟರಿನ ರೋಗ ಹೇಳುತ್ತಿದ್ದನಂತೆ. ಸತ್ತ ಹಾರ್ಡ್‌ಡಿಸ್ಕನ್ನು ಬೆನ್ನು ತಟ್ಟಿ ಎಬ್ಬಿಸುತ್ತಿದ್ದನಂತೆ. ಅದು ಸ್ವಲ್ಪ ಹೆಚ್ಚಾಯಿತು ಅನ್ನಿ.

ಹಲಗೆ ಮಾತ್ರ ನಿಜ. ಪೇಟೆಯ ದೊಡ್ಡ ಅಂಗಡಿಯವರು ಇಪ್ಪತ್ತನಾಲ್ಕು ಸಾವಿರ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರೆ, ಇವನು ಮದರ್‌ಬೋರ್ಡಿನಿಂದ ಮೌಸಿನವರೆಗೆ ಒಂದೊಂದರ ದರವನ್ನೂ ಸೀಮೆಸುಣ್ಣದಲ್ಲಿ ಬರೆದು, ಕೊನೆಗೆ ತನ್ನ ಮಜೂರಿಯನ್ನೂ ಬರೆದು, ಗಿರಾಕಿಯ ಕೈಗೆ ಒದ್ದೆ ಬಟ್ಟೆ ಕೊಡುತ್ತಿದ್ದನಂತೆ. "ಬ್ಯಾಡಾದದ್ದು ಒರಸ್ರಿ."

ಎಲ್ಲರೂ ಮೊದಲು ಒರೆಸುತ್ತಿದ್ದದ್ದು ಮಜೂರಿಯನ್ನೇ. ಅವನು ನಗುತ್ತಿದ್ದನಂತೆ. ಮನೆಯಲ್ಲಿ ಒಲೆ ನಗುತ್ತಿರಲಿಲ್ಲ.

ಅಕ್ಕೋರ ಶಾಲೆಯಲ್ಲಿ ನಲವತ್ತು ಹುಡುಗಿಯರಿದ್ದ ಕಡೆ ಮೂವರು ಉಳಿದಿದ್ದರು. ಮಿಕ್ಕವರು ಕಂಪ್ಯೂಟರ್ ಇದ್ದಲ್ಲಿಗೆ ಹೋಗಿದ್ದರು. ಇಲ್ಲಿಗೂ ಒಂದು ಕಂಪ್ಯೂಟರ್ ಬರದಿದ್ದರೆ ಶ್ರಾವಣ ಮುಗಿಯುವುದರೊಳಗೆ ಬಾಗಿಲು ಹಾಕಬೇಕು. ಐದು ಟೈಪ್‌ರೈಟರ್ ಮಾರಿ ದುಡ್ಡು ತಂದಿದ್ದರು. ಹಲಗೆಯ ಮೊತ್ತಕ್ಕೆ ಒಂದು ಸಾವಿರ ಕಡಿಮೆ. ಮಜೂರಿಯೂ ಸರಿಯಾಗಿ ಒಂದು ಸಾವಿರ.

ಬಟ್ಟೆ ಹಿಡಿದ ಕೈ ಕೊನೆಯ ಸಾಲಿಗೆ ಇಳಿಯಿತು. ಕಲಿತು ಫೀಸು ಕೊಡದೆ ಹೋದವರ ಮುಖಗಳೆಲ್ಲ ಆಗ ಅಕ್ಕೋರಿಗೆ ನೆನಪಾದವಂತೆ. ಕೈ ತಿರುಗಿ ಮೇಲೇರಿತು. ಎಲ್ಲವನ್ನೂ ಒಳಗಿಡುವ ಕ್ಯಾಬಿನೆಟ್ಟಿನ ಸಾಲನ್ನು ಒರೆಸಿತು. ಅದೂ ಒಂದು ಸಾವಿರವೇ.

"ಅಕ್ಕೋರ, ಅಂಗಿ ಇಲ್ಲದ ಕಂಪ್ಯೂಟರ್ ಆತಲ್ರಿ!"

"ಬಡಿಗೇರ ಅದೀಯಲ್ಲಪಾ, ಅಂಗಿ ನೀನ ಮಾಡು. ಟೈಪ್‌ರೈಟರ್ ಬಂದಿದ್ದ ಕಟಗಿ ಪೆಟಗಿ ನಮ್ಮನ್ಯಾಗ ಐತಿ."

ಅವನು ಅಪ್ಪನ ಉಳಿ ಹುಡುಕಿ ತೆಗೆದು, ಗಾಳಿಯಾಡಲು ಪೆಟ್ಟಿಗೆಗೆ ಕಿಂಡಿ ಕೊರೆದನಂತೆ. ಮರ ಹೊತ್ತಿಕೊಂಡೀತು ಎಂದು ಓಣಿಯವರು ಕೊಡ ತುಂಬಿಕೊಂಡು ನಿಂತಿದ್ದರಂತೆ. ಹೊಗೆ ಬರಲಿಲ್ಲ, ಪರದೆ ಬೆಳಗಿತು. ದೀಪಾವಳಿಗೆ ಹುಡುಗಿಯರು ಮತ್ತೆ ಮೂವತ್ತಾದರಂತೆ.

ಇವತ್ತಿಗೂ ಆ ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಹಲಗೆಯಿದೆ, ಒದ್ದೆ ಬಟ್ಟೆಯಿದೆ. ಎಂಥ ಜುಗ್ಗನಾದರೂ ಕೊನೆಯ ಸಾಲು ಮುಟ್ಟುವುದಿಲ್ಲ.

ಇದೆಲ್ಲ ಮುತ್ತಜ್ಜನ ಕಾಲದ್ದು ಎನ್ನುವವರಿದ್ದಾರೆ. ಅಂಥವರು ಪೆಟ್ಟಿಗೆ ನೋಡಿ ಬರಲಿ. ಟೈಪಿಂಗ್ ಕಲಿಸುವವರ ಬೆರಳು ಮೊದಲು ಹೊಡೆಯುವುದು ತಾರೀಖನ್ನೇ ಅಲ್ಲವೇ? ಪರದೆಯ ಮೇಲೆ ಅಕ್ಕೋರು ಹೊಡೆದದ್ದನ್ನು ಮೌನೇಶಪ್ಪ ಪೆಟ್ಟಿಗೆಯ ಮೇಲೆ ಉಳಿಯಿಂದ ಹಾಗೆಯೇ ಕೆತ್ತಿಟ್ಟಿದ್ದಾನೆ: ಶನಿವಾರ, ೨ ಆಗಸ್ಟ್ ೨೦೦೩.