ಐತನ ಗಂಜಿ ಮತ್ತು ಅಡಂಬು ಬಳ್ಳಿ

ಚಪ್ಪರ ಹಾಕ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಹಾಕಿದ್ರು ಮಗಾ, ಹಾಕಿದ್ದಕ್ಕೇ ಇಷ್ಟೆಲ್ಲ ಆದದ್ದು. ನಿದ್ದೆ ಮಾಡು ಅಂದ್ರೆ ಹೊಯ್ಗೆ ದಿಬ್ಬದ ಬಳ್ಳಿಗೆ ಚಪ್ಪರ ಯಾಕಿಲ್ಲ ಅಂತ ಕೇಳ್ತಿ. ಸರಿ, ಕಾಲು ಹೊದಿಕೆ ಒಳಗೆ ತಕೋ, ಹೇಳ್ತೆ.

ಒಂದಾನೊಂದು ಕಾಲ ಅಂದ್ಕೋ, ನನ್ನಜ್ಜಿಗೂ ಹಲ್ಲು ಬಂದಿರ್ಲಿಲ್ಲ, ಆಗ ಕಡಲ ಬದಿಯಲ್ಲಿ ಐತ ಅಂತ ಒಬ್ಬ ಮೀನು ಹಿಡಿಯುವವ ಇದ್ನಂತೆ, ಅವನ ಹೆಂಡ್ತಿ ಮೂಕಾಂಬು. ಮನೆ ಮುಂದೆ ದೊಡ್ಡ ಹೊಯ್ಗೆ ದಿಬ್ಬ, ಬರೀ ಕಡಲ ಮರಳು. ಆ ದಿಬ್ಬಕ್ಕೆ ಒಂದು ಕಡೆ ಕೂತು ಗೊತ್ತಿಲ್ಲ, ಗಾಳಿ ಬಂತು ಅಂದ್ರೆ ಎದ್ದು ಸೀದಾ ಅಡುಗೆಮನೆಗೆ ಬರೂದಂತೆ. ಹಾಸಿಗೆಲಿ ಹೊಯ್ಗೆ, ಕಿವಿಲಿ ಹೊಯ್ಗೆ, ಗಂಜಿಲಿ ಹೊಯ್ಗೆ. ಒಂದಿನ ಮೂಕಾಂಬು ಗಂಜಿ ಬಟ್ಲು ಕೆಳಗಿಟ್ಟು, ಕಾಣಿ, ಈ ಹೊಯ್ಗೆಗೆ ಏನಾದ್ರೂ ಮಾಡ್ದೆ ಹೋದ್ರೆ ನಾನು ಅಪ್ಪನ ಮನೆಗೆ ಹೋಗುವವಳೇ, ಮತ್ತೆ ಬರೂದಿಲ್ಲ ಅಂದ್ಲಂತೆ.

ಐತ ಗಂಜಿ ಬಿಟ್ಟು ಎದ್ದ. ಹೊಳೆ ಕಡಲಿಗೆ ಸೇರುವ ಅಳಿವೆ ಹತ್ರ ಒಂದು ದಿಬ್ಬ ಎಷ್ಟು ಗಾಳಿ ಬಂದ್ರೂ ಅಲ್ಲಾಡ್ದೆ ಕೂತಿರೂದನ್ನ ಅವನು ಕಂಡಿದ್ದ. ಅದರ ಮೇಲೆಲ್ಲ ಅಡಂಬು ಬಳ್ಳಿ, ಆಡಿನ ಗೊರಸಿನ ಹಾಗೆ ಎಲೆ, ನೇರಳೆ ಹೂವು, ಉಪ್ಪು ಗಾಳಿ ಕುಡ್ಕೊಂಡೇ ಬೆಳೆಯೂ ಜಾತಿ. ಅದರದ್ದೊಂದು ತುಂಡು ತಂದು, ಮಲ್ಲಿಗೆಗೆ ಮಾಡೂ ಹಾಗೆ ಗುಂಡಿ ತೋಡಿ, ಒಣಮೀನಿನ ಗೊಬ್ಬರ ತುಂಬಿಸಿ, ಬಾವಿಯ ಸಿಹಿನೀರು ಹೊತ್ತು ಹಾಕಿದ್ನಂತೆ. ಬೆಳಿಗ್ಗೆ ನೋಡಿದ್ರೆ ಊರಿನ ನಾಯಿಗಳೆಲ್ಲ ಊಟಕ್ಕೆ ಕೂತಿದ್ವು. ಗೊಬ್ಬರ ಇಲ್ಲ, ಬಳ್ಳಿ ಇಲ್ಲ, ಗುಂಡಿ ಮಾತ್ರ ಒಳ್ಳೆ ದೊಡ್ಡದಾಗಿತ್ತಂತೆ.

ಆಮೇಲೆ ಎರಡನೇ ಸಲ ಒಂದು ಹೊರೆ ಬಳ್ಳಿ ತಂದು ದಿಬ್ಬದ ಮೇಲೆ ನೆಟ್ಟು, ನಾವು ಬಸಳೆಗೆ ಹಾಕೂದಿಲ್ವಾ, ಹಾಗೆ ಚಪ್ಪರ ಹಾಕಿದ. ಮೂಕಾಂಬು, ಅದು ನೆಲದ ಮೇಲೆ ಹರಿಯೂದಲ್ವಾ ಅಂತ ಕೇಳಿದ್ಲು. ಬಳ್ಳಿ ಅಂದ ಮೇಲೆ ಚಪ್ಪರ ಬೇಡ್ವಾ, ನೀ ಸುಮ್ನಿರು ಅಂದು ಒಂದೊಂದೇ ಕುಡಿ ಎತ್ತಿ ಮೇಲೆ ಕಟ್ಟಿದ್ನಂತೆ. ಆಮೇಲೆ ಒಂದಿನ ಜೋರು ಗಾಳಿ ಬಂತು, ಚಪ್ಪರ ಬಳ್ಳಿ ಸಮೇತ ಹಾರಿತು, ಹಾರಿ, ಮಗಳನ್ನ ನೋಡಿ ಹೋಗುವ ಅಂತ ಬರ್ತಿದ್ದ ಮಾವ ಹೆರಿಯಣ್ಣನ ತಲೆ ಮೇಲೆ ಇಳೀತಂತೆ. ಮಾವ ಚಪ್ಪರ ಹೊತ್ಕೊಂಡೇ ಅಂಗಳಕ್ಕೆ ಬಂದ್ರು. ಬಳ್ಳಿ ಒಳ್ಳೆ ಹಬ್ಬಿದೆ ಅಳಿಯ, ನನ್ನ ಮೇಲೆ ಅಂದ್ರಂತೆ. ಆ ಮಧ್ಯಾಹ್ನ ಗಂಜಿಲಿ ಮಾವನ ಹಲ್ಲಿಗೂ ಹೊಯ್ಗೆ ಸಿಕ್ತು. ಮೂಕಾಂಬು ಸೀರೆ ಗಂಟು ಕಟ್ಟಿ ಅಪ್ಪನ ಹಿಂದೆ ಹೊರಟೇ ಹೋದ್ಲಂತೆ.

ಮೂರನೇ ಸಲ ಐತ ಏನೂ ಮಾಡ್ಲಿಲ್ಲ. ಮಾವನ ತಲೆಯಿಂದ ಬಿಡಿಸಿದ ಬಳ್ಳಿಯನ್ನ ಬೇಜಾರಲ್ಲಿ ದಿಬ್ಬದ ಮೇಲೆ ಎಸೆದ, ಅಷ್ಟೇ. ಮಳೆಗಾಲ ಬರ್ತಿತ್ತು, ದೋಣಿಯನ್ನ ಕಡಲಿಂದ ಮೇಲಕ್ಕೆ ತಂದಿಡ್ಬೇಕಲ್ಲ, ಊರವರು ಐತನ ದೋಣಿಯನ್ನ ಆ ಬಳ್ಳಿ ಮೇಲೇ ದರದರ ಎಳೆದು ದಿಬ್ಬದಲ್ಲಿ ಇಟ್ರು. ಬಳ್ಳಿ ತುಂಡು ತುಂಡಾಗಿ ಹೊಯ್ಗೆಯಲ್ಲಿ ಹೂತು ಹೋಯ್ತು. ಅದೂ ಹೋಯ್ತು ಅಂದು ಐತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ನಂತೆ.

ಅಡಂಬು ಬಳ್ಳಿಗೆ ಬೇಕಿದ್ದದ್ದೇ ಅದು ಮಗಾ. ಮಳೆ ಹೊಯ್ದ ಹಾಗೆ ಪ್ರತಿ ತುಂಡಿನ ಗಂಟುಗಂಟಲ್ಲೂ ಬೇರು ಬಿಟ್ಟು, ಹೊಯ್ಗೆಯನ್ನ ಬಿಗಿಯಾಗಿ ಹಿಡಿದು, ದಿಬ್ಬವಿಡೀ ಹಬ್ಬಿ, ದೋಣಿ ಮೇಲೂ ಹತ್ತಿತಂತೆ. ಮಳೆ ಕಳೆದು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಟ್ಟು ಎಲ್ಲರೂ ದೋಣಿ ಇಳಿಸಿದ್ರೆ, ಐತನದ್ದು ಅಲ್ಲಾಡಲೇ ಇಲ್ಲ. ಊರವರು ಎಳೆದ್ರು, ಇಲ್ಲ. ಪಕ್ಕದೂರವರು ಬಂದು ಎಳೆದ್ರು, ಇಲ್ಲ. ಕಡೆಗೆ ಮಾವನಿಗೆ ಹೇಳಿ ಕಳಿಸಿದ. ಮಾವ ದೂರದಲ್ಲೇ ನಿಂತು, ಚಪ್ಪರ ಇಲ್ಲ ತಾನೇ ಅಂತ ಕೇಳಿದ್ರಂತೆ. ಹಿಂದೆ ಮೂಕಾಂಬುನೂ ಬಂದಿದ್ಲು, ದೋಣಿ ನೋಡ್ಲಿಕ್ಕಂತೆ, ಆದ್ರೆ ಬಗಲಲ್ಲಿ ಸೀರೆ ಗಂಟಿತ್ತು. ಎಲ್ಲರೂ ಐಸಾ ಅಂತ ಒಟ್ಟಿಗೆ ಎಳೆದ್ರು, ದೋಣಿ ಮೈತುಂಬ ಹೂವು ಮುಡ್ಕೊಂಡು ಮದುಮಗಳ ಹಾಗೆ ಕಡಲಿಗೆ ಇಳೀತಂತೆ.

ಆಮೇಲೆ ಮೂಕಾಂಬು ಒಳಗೆ ಹೋಗಿ ಹಾಸಿಗೆ ಕೊಡವಿದ್ಲು, ಹೊಯ್ಗೆ ಇಲ್ಲ. ಮಡಕೆ ಬಗ್ಗಿ ನೋಡಿದ್ಲು, ಇಲ್ಲ. ಐತನ ಕಿವಿ ಹಿಡಿದು ನೋಡಿದ್ಲು, ಅಲ್ಲೂ ಇಲ್ಲ. ಗಂಟು ಬಿಚ್ಚಿ ಸೀರೆಯನ್ನ ಬಟ್ಟೆ ಒಣಗಿಸೂ ಗಳುವಿಗೆ ಹಾಕಿದ್ಲಂತೆ. ಅಲ್ಲಿಗೆ ದಿಬ್ಬ ದಿಬ್ಬದ ಜಾಗದಲ್ಲಿ, ಮೂಕಾಂಬು ಮನೆಯಲ್ಲಿ, ನನ್ನ ಕತೆಯೂ ಮುಗೀತು.

ಎಂತ, ಅವಳು ಐತನಿಗೆ ಏನೂ ಹೇಳ್ಲಿಲ್ವಾ? ಹೇಳಿದ್ಲಪ್ಪ. ಊಟಕ್ಕೆ ಕೂತಾಗ ಐತ ಹೊಗಳ್ತಾಳೆ ಅಂತ ಅವಳ ಬಾಯನ್ನೇ ನೋಡ್ತಿದ್ದ. ಮೂಕಾಂಬು ಒಂದು ಗುಟುಕು ಗಂಜಿ ಕುಡಿದು, ಸಪ್ಪೆ ಉಂಟಲ್ಲ, ಇಷ್ಟು ದಿನ ಹೊಯ್ಗೆಯೊಟ್ಟಿಗೆ ಉಪ್ಪೂ ಬರ್ತಿತ್ತು ಕಾಣಿ, ಇನ್ನು ನಾನೇ ಹಾಕ್ಬೇಕು ಅಂದ್ಲಂತೆ.